ಗಡಿನಾಯಿಗೆ ತೋರಿಸಿದ ಕರುಣೆ

ಫರ್ಗಸ್ ಲೈಲ್‌ಗೆ ಬಂದೊದಗಿದ ಫಜೀತಿಗೆಲ್ಲ ಅವನ ಮೆತ್ತನೆಯ ಮನಸ್ಸೇ ಕಾರಣ. ನ್ಯೂಜಿಲೆಂಡಿನ ಆ ಬೆಟ್ಟದ ಸೀಮೆಗೆ ತಂತಿಬೇಲಿ ಇನ್ನೂ ಬಂದಿರಲಿಲ್ಲ. ಇಬ್ಬರ ಹುಲ್ಲುಗಾವಲುಗಳ ನಡುವೆ ಹಳ್ಳ ದಾಟುವ ಕಡೆ ಒಂದು ನಾಯಿಯನ್ನು ಸರಪಳಿ ಹಾಕಿ ಕಟ್ಟಿಬಿಟ್ಟರೆ ಅದೇ ಬೇಲಿ. ಅದರ ಬೊಗಳಿಕೆಗೆ ಹೆದರಿ ಕುರಿಗಳು ಹಳ್ಳ ದಾಟುತ್ತಿರಲಿಲ್ಲ. ಒಂದು ಸಂಜೆ ಹಿಮಗಾಳಿ ಎದ್ದಿತು. "ಪಾಪ, ನಡುಗ್ತಾ ಇದೆ" ಎಂದು ಫರ್ಗಸ್ ತನ್ನ ಗಡಿನಾಯಿ ಟ್ಯಾಮ್‌ನನ್ನು ಬಿಚ್ಚಿ ತಂದು ಒಲೆಯ ಮುಂದೆ ಮಲಗಿಸಿದ. ಬೆಳಗ್ಗೆ ಎದ್ದು ನೋಡಿದರೆ ನಾಯಿ ಬೆಚ್ಚಗಿತ್ತು, ಕುರಿ ಒಂದೂ ಇರಲಿಲ್ಲ.

ಅದೂ ಎಂಥ ದಿನ! ಮಧ್ಯಾಹ್ನ ಸರ್ಕಾರದ ತಪಾಸಣೆ ಸಾಹೇಬರು ಬರುವವರಿದ್ದರು. ಹುಲ್ಲುಗಾವಲು ಪಡೆದವನು ಗಡುವಿನೊಳಗೆ ಅದರ ಮೇಲೆ ಕುರಿ ಮೇಯಿಸಿ ತೋರಿಸಬೇಕು. ಇಲ್ಲದಿದ್ದರೆ ನೆಲ ಕೈತಪ್ಪಿದಂತೆಯೇ.

"ನಾಯಿಗೆ ಒಲೆ ಮುಂದೆ ಜಾಗ ಕೊಟ್ರಲ್ಲ, ಇನ್ನು ನಮಗೆಲ್ರೀ ಜಾಗ?" ಎಂದಳು ಹೆಂಡತಿ ಎಫೀ.

"ಸುಮ್ನಿರೇ! ಏನೇ ಆಗ್ಲಿ, ಈ ನೆಲ ಬಿಡೋನಲ್ಲ ನಾನು" ಎಂದು ಫರ್ಗಸ್ ಬೂಟು ಮೆಟ್ಟಿ ಹಳ್ಳ ದಾಟಿದ.

ಆಚೆ ದಡದ ರೋರಿ ಬೇನ್ ಅಂಗಳದಲ್ಲಿ ಪೈಪು ಸೇದುತ್ತಿದ್ದ.

"ನಮ್ಮ ಕುರಿ ಈ ಕಡೆ ಬಂದ್ವೇನೋ ರೋರಿ?"

"ನಿನ್ನ ಕುರೀನಾ? ಒಂದು ಬಾಲಾನೂ ಕಂಡಿಲ್ಲಪ್ಪ. ಆದ್ರೂ ನೆರೆಯವನು ಅಂದ್ಮೇಲೆ ಕೈ ಬಿಡೋಕಾಗುತ್ತಾ? ಒಂದು ಮಂದೆ ಕೊಡ್ತೀನಿ, ಸಾಹೇಬ್ರಿಗೆ ತೋರಿಸ್ಕೋ. ನಿಮ್ಮ ಹಸು ಹೆದರ್‌ನ ನಮ್ಮನೆಗೆ ಬಿಟ್ಟುಬಿಡು, ಸಾಕು."

"ಹಸೂನಾ? ಸೀಮೆಗೆಲ್ಲ ಅಂಥ ಹಸು ಇನ್ನೊಂದಿಲ್ಲ ಕಣಯ್ಯ!"

"ಅದಕ್ಕೇ ಕೇಳ್ತಿರೋದು."

ಫರ್ಗಸ್ ಹಲ್ಲುಕಚ್ಚಿ ಒಪ್ಪಿಕೊಂಡ. ಹಸುವಿನ ಹಗ್ಗ ಬಿಚ್ಚುವಾಗ ಎಫೀ ಅಡ್ಡ ನಿಂತಳು. "ನಾಳೆಯಿಂದ ಗಂಜಿಗೆ ಏನು ಹುಯ್ಕೋತೀರಿ, ಹಳ್ಳದ ನೀರಾ?"

"ಅದನ್ನೇ ಹುಯ್ಕೋತೀನಿ. ನೆಲ ಉಳೀಲಿ."

ಎರವಲು ಕುರಿಗಳನ್ನು ಹೊಡೆದು ತರುವುದು ಕಷ್ಟವೆಂದುಕೊಂಡಿದ್ದ. ಆದರೆ ಅವು ಹಳ್ಳ ದಾಟಿ, ಗುಡ್ಡದ ಬಳಸುದಾರಿ ಹಿಡಿದು, ತಾವಾಗಿಯೇ ಅವನ ಹುಲ್ಲುಗಾವಲಿಗೇ ಬಂದು ನಿಂತವು. "ನೋಡಿದ್ಯಾ, ಕುರಿ ಕಾಯೋದು ಅಂದ್ರೆ ಹೀಗಿರ್ಬೇಕು" ಎಂದು ಫರ್ಗಸ್ ಎಫೀ ಮುಂದೆ ಮೀಸೆ ತಿರುವಿದ. ಎರವಲು ಕುರಿಯ ಕಿವಿ ಹಿಡಿದು ನೋಡುವುದು ಆ ಕಡೆ ಮರ್ಯಾದೆಯಲ್ಲ. ಆದ್ದರಿಂದ ಅವನು ನೋಡಲಿಲ್ಲ.

ಮಧ್ಯಾಹ್ನ ಪಿಂಕ್ನಿ ಸಾಹೇಬರು ಕುದುರೆಯಿಂದಿಳಿದರು. ಜೊತೆಗೆ ದಾರಿ ತೋರಿಸಲೆಂದು ರೋರಿಯೂ ಬಂದಿದ್ದ.

"ಮಂದೆ ಚೆನ್ನಾಗಿದೆ. ಎಲ್ಲಿ, ಕಿವಿ ನೋಡೋಣ" ಎಂದರು ಸಾಹೇಬರು.

ಕುರಿ ಯಾರದೆಂದು ಹೇಳುವುದೇ ಕಿವಿಯ ಗುರುತು. ಒಬ್ಬೊಬ್ಬ ಯಜಮಾನನದು ಒಂದೊಂದು ಬಗೆ. ಈ ಹಾಳು ಕಿವಿಯನ್ನೇ ಸಾಹೇಬರು ನೋಡುತ್ತಾರೆಂದು ಫರ್ಗಸ್‌ಗೇಕೆ ಮೊದಲೇ ಹೊಳೆಯಲಿಲ್ಲ! ಸಾಹೇಬರು ಉಣ್ಣೆ ಸರಿಸಿದರು. ಅವನು ಕಣ್ಣು ಮುಚ್ಚಿಕೊಂಡ.

"ಎರಡು ಕಚ್ಚು, ನಡುವೆ ಒಂದು ತೂತು. ನಿಮ್ಮದೇ ಗುರುತು ಕಣ್ರೀ ಲೈಲ್. ಯಾಕ್ರೀ ಹೀಗೆ ಬೆವರ್ತೀರಿ?"

ಫರ್ಗಸ್ ಕಣ್ಣು ತೆರೆದು ಬಗ್ಗಿ ನೋಡಿದ. ತನ್ನ ಕೈಯಾರೆ ಕೊಯ್ದ ಕಚ್ಚು! ತನ್ನ ಕುರಿಯನ್ನೇ ತಾನು ಎರವಲು ತಂದಿದ್ದ! ರೋರಿಯನ್ನು ಮೂಲೆಗೆಳೆದು ಹಲ್ಲು ಕಡಿದ. "ಕಳ್ಳ ನನ್ಮಗನೆ, ನನ್ನ ಹಸು ವಾಪಸ್ ಕೊಡು!"

"ಯಾಕೆ ಕೊಡ್ಬೇಕು?" ರೋರಿ ತಣ್ಣಗೆ ಕೇಳಿದ. "ಸಾಹೇಬ್ರಿಗೆ ಮೋಸ ಮಾಡೋಕೆ ಅಂತ ಹಸು ಕೊಟ್ಟು ಕುರಿ ಎರವಲು ತಂದೆ ಅಂತ ಹೇಳು. ಕರೀಲಾ ಅವರನ್ನ?"

ಫರ್ಗಸ್ ಅವನ ತೋಳು ಬಿಟ್ಟ.

ಎಫೀ ಟೀ ತಂದಳು. "ಹಾಲಿಲ್ವೇನಮ್ಮಾ?" ಸಾಹೇಬರು ಮುಖ ಹಿಂಡಿದರು.

"ನಮ್ಮನೇಗೆ ಬನ್ನಿ ಸ್ವಾಮಿ" ಎಂದ ರೋರಿ. "ಹೊಸ ಹಸು ಬಂದಿದೆ, ಕೆನೆ ಹಾಲು. ಇವತ್ತು ಅಲ್ಲೇ ಉಳ್ಕೊಳ್ಳಿ."

"ಆಗ್ಲಿ. ಲೈಲ್, ನಾಳೆ ಬೆಳಗ್ಗೆ ಈ ದಾರೀಲೇ ವಾಪಸ್ ಬರ್ತೀನಿ. ಮಂದೆ ಇನ್ನೊಂದ್ಸಲ ನೋಡ್ಕೊಂಡು ಆಮೇಲೆ ನಿಮ್ಮ ನೆಲದ ಕಾಗದಕ್ಕೆ ಮೊಹರು ಹಾಕ್ತೀನಿ."

ಸಂಜೆ ಫರ್ಗಸ್ ಟ್ಯಾಮ್‌ನನ್ನು ಹಳ್ಳದ ಬಳಿ ಕಟ್ಟಲು ಕರೆದೊಯ್ದ. ಆಚೆಯಿಂದ ಹೆದರ್ ಅಂಬಾ ಎಂದಿತು. ಪಾಪ, ಅದಕ್ಕೂ ಮನೆ ನೆನಪಾಗಿದೆ. ಹಗ್ಗ ಕಿತ್ತುಕೊಂಡು ಬಂದರೂ ಈ ನಾಯಿ ಬೊಗಳಿ ಓಡಿಸಿಬಿಟ್ಟರೆ? ಹಸುವನ್ನು ಮರಳಿ ಪಡೆಯಲೇಬೇಕೆಂದು ಹಟ ತೊಟ್ಟ ಫರ್ಗಸ್, ಕುರಿಗಳನ್ನು ಮರೆತು ದಾರಿಯನ್ನು ತೆರೆದೇ ಬಿಟ್ಟು, ನಾಯಿಯನ್ನು ಮನೆಗೆ ಕರೆತಂದ.

ಬೆಳಗ್ಗೆ ಎದ್ದು ನೋಡಿದ. ಹಸು ಬಂದಿರಲಿಲ್ಲ. ಕುರಿ ಒಂದೂ ಇರಲಿಲ್ಲ. ಸಾಹೇಬರು ಇನ್ನೇನು ಹೊರಡುವ ಹೊತ್ತು. ಹಳ್ಳದ ಆಚೆಯಿಂದ ರೋರಿ ಕೈಬೀಸಿ ಕೂಗಿದ:

"ಫರ್ಗಸ್! ನಿನ್ನ ಕುರಿ ಒಂದು ಬಾಲಾನೂ ಕಂಡಿಲ್ಲಪ್ಪ! ಬೇಕಾದ್ರೆ ಇನ್ನೊಂದು ಮಂದೆ ಕೊಡ್ತೀನಿ. ಈ ಸಲ ನಾಯಿ ಕೊಟ್ರೆ ಸಾಕು. ಹೇಗಿದ್ರೂ ನೀನು ಅದನ್ನ ಕಟ್ಟೋದಿಲ್ವಲ್ಲ!"