ಅತ್ತೆಯ ಆನೆ ಪುಟ ಮತ್ತು ಒಂದು ಫ್ಲಾಸ್ಕು

ಕಾಫಿ ಬೆಳೆಯುವವರ ಮನೆಗೆ ಹೋಗುವಾಗ ಕಾಫಿ ಕುಡಿದು ಹೋಗುವವರನ್ನು ಎಲ್ಲಾದರೂ ಕಂಡಿದ್ದೀರಾ? ನಮ್ಮ ಅತ್ತೆಯ ಮನೆಗೆ ಹೊರಟ ನೆಂಟರೆಲ್ಲ ದಾರಿಯ ಹೋಟೆಲಿನಲ್ಲಿ ಒಂದು ಲೋಟ ಇಳಿಸಿಕೊಂಡೇ ಹೋಗುತ್ತಾರೆ!

ಅತ್ತೆ ಜಿಪುಣಿ ಎಂದುಕೊಳ್ಳಬೇಡಿ. ಅವರ ಕೈ ಧಾರಾಳ. ತೊಂದರೆ ಏನೆಂದರೆ ಅಲ್ಲಿ ಒಬ್ಬೊಬ್ಬ ಅತಿಥಿಗೂ ಬೇರೆ ಬೇರೆ ಡಿಕಾಕ್ಷನ್ ಇಳಿಯಬೇಕು. ಮೊದಲು ಬಂದವರಿಗೆ ಇಳಿಸಿದ್ದನ್ನು ಆಮೇಲೆ ಬಂದವರಿಗೆ ಕೊಟ್ಟರೆ ಅದು ಕಾಫಿಯಲ್ಲ, ಕಾಫಿಯ ನೆನಪು ಎನ್ನುವುದು ಅವರ ವಾದ. ನಾಲ್ಕಾರು ಜನ ಒಟ್ಟಿಗೆ ಹೋದಿರೋ, ಮೊದಲನೆಯವರು ಕುಡಿದು, ಹರಟೆ ಹೊಡೆದು, ಚಪ್ಪಲಿ ಮೆಟ್ಟುವಾಗ ಕೊನೆಯವರ ಫಿಲ್ಟರಿಗೆ ನೀರು ಬೀಳುತ್ತಿರುತ್ತದೆ. ಫ್ಲಾಸ್ಕಿನ ಹೆಸರೆತ್ತಿದರೆ ಸಿಟ್ಟು. ಮದುವೆಯಲ್ಲಿ ಉಡುಗೊರೆಯಾಗಿ ಬಂದ ಫ್ಲಾಸ್ಕುಗಳೆಲ್ಲ ಅಟ್ಟ ಸೇರಿ ಯಾವ ಕಾಲವಾಯಿತೋ. ಅದರಲ್ಲೊಂದರೊಳಗೆ ಮಾವ ಸೌತೆ ಬೀಜ ತುಂಬಿಟ್ಟಿದ್ದಾರೆ.

ಇಂಥವರು ಊರಿಗೆಲ್ಲ ಸುದ್ದಿ ಬಡಿಸಲು ಕೂತರೆ ಏನಾಗಬೇಕೋ ಅದೇ ಆಯಿತು.

ಅತ್ತೆ ನನ್ನ ಅಪ್ಪನ ತಂಗಿ. ಹಾಸನದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು ಈಗ ಪಾಳ್ಯದ ಆಚೆ ಸಣ್ಣ ತೋಟ ನೋಡಿಕೊಂಡು ಮಾವನ ಜೊತೆ ಇದ್ದಾರೆ. ನಾನಿರುವುದು ಸಕಲೇಶಪುರ ಪೇಟೆಯಲ್ಲಿ. ನಮ್ಮ ಕಡೆ ಬೆಳಗಾದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ, ಆನೆ ಎಲ್ಲಿದೆ ಎನ್ನುವುದು. ತೋಟದ ಕೆಲಸಕ್ಕೆ ನಡೆದು ಹೋಗುವವರಿಗೆ, ಡೇರಿಗೆ ಹಾಲು ಒಯ್ಯುವವರಿಗೆ ಇದು ತಮಾಷೆಯ ಪ್ರಶ್ನೆಯಲ್ಲ. ಉತ್ತರ ತಪ್ಪಿದರೆ ಜೀವ ಹೋಗುತ್ತದೆ. ಮೊದಲೆಲ್ಲ ಸುದ್ದಿ ವಾಟ್ಸಾಪಿನಲ್ಲೇ ಓಡಾಡುತ್ತಿತ್ತು. ಬೆಳಗ್ಗೆ ಪಾಳ್ಯದಲ್ಲಿ ಕಂಡ ಆನೆ ಗುಂಪಿನಿಂದ ಗುಂಪಿಗೆ ದಾಟಿ, ಸಂಜೆ ಆನೇಮಹಲಿನವರು ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಆನೆಗೆ ಮಾತ್ರ ಅಷ್ಟು ದೂರ ನಡೆಯುವ ಯೋಚನೆಯೇ ಇರಲಿಲ್ಲ!

"ಆರಿದ ಸುದ್ದಿ ಬಡಿಸ್ತಾರಲ್ರೀ, ಇವ್ರಿಗೆ ನಾಚ್ಕೆ ಆಗಲ್ವಾ?" ಎಂದು ಅತ್ತೆ ಮಾವನ ಮೇಲೆ ಎಗರಿದರು. ಪಾಪ, ಮಾವ ಆ ಯಾವ ಗುಂಪಿನಲ್ಲೂ ಇರಲಿಲ್ಲ. ಅವತ್ತೇ ಅತ್ತೆ ಕಂಪ್ಯೂಟರಿನ ಧೂಳು ಕೊಡವಿ ಕೂತರು.

ಹಾಗೆ ಇಂಟರ್‌ನೆಟ್ಟಿನಲ್ಲಿ ಹುಟ್ಟಿದ್ದು ಆನೆ ಪುಟ. ಊರೂರಿನಲ್ಲಿ ಒಪ್ಪಿಕೊಂಡ ಒಬ್ಬೊಬ್ಬರು ಆನೆ ಕಂಡರೂ ಕಾಣದಿದ್ದರೂ ಫೋನಿನಿಂದ ಒಂದು ಸಾಲು ಹಾಕುತ್ತಿರಬೇಕು. ಪುಟ ತೆರೆದವರಿಗೆ ಬಿಸಿಲೆಯಿಂದ ಪಾಳ್ಯದವರೆಗಿನ ನಕ್ಷೆ ಕಾಣುತ್ತದೆ. ಆನೆ ಇದ್ದ ಊರು ಕೆಂಪು, ಇಲ್ಲದ ಊರು ಹಸಿರು. ಪಾಳ್ಯದ ಕಡೆಯ ಸುದ್ದಿ ಹಾಕುವ ಕೆಲಸ ಮಾವನದು. ಅವರಿಗೆ ಮಂಡಿನೋವು, ಜಗಲಿ ಬಿಟ್ಟು ಇಳಿಯುವುದೇ ಇಲ್ಲ. ಕಾವಲಿಗೆ ಇದಕ್ಕಿಂತ ಯೋಗ್ಯತೆ ಬೇಕೇ?

ಪುಟದಲ್ಲೂ ಅತ್ತೆ ತಮ್ಮ ಅಡುಗೆಮನೆಯ ಕಾನೂನನ್ನೇ ತಂದರು. ಯಾರೇ ಬಂದು ಪುಟ ತೆರೆಯಲಿ, ಅವರೊಬ್ಬರಿಗಾಗಿಯೇ ಸರ್ವರ್ ಎದ್ದು, ಎಲ್ಲ ಊರುಗಳ ಸುದ್ದಿಯನ್ನೂ ಮೊದಲಿಂದ ಹುಡುಕಿ, ಜೋಡಿಸಿ, ಬಿಸಿಬಿಸಿಯಾಗಿ ತಂದುಕೊಡಬೇಕು. ಒಬ್ಬಿಬ್ಬರು ನೋಡುವಾಗ ಎಲ್ಲ ಸರಿ ಇತ್ತು. ಒಂದು ಬೆಳಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ ಊರವರೆಲ್ಲ ಒಟ್ಟಿಗೆ ತೆರೆದರು ನೋಡಿ, ಪುಟ ಕಾಲು ಚಾಚಿ ಮಲಗಿತು! ಎಲ್ಲರ ಫೋನಿನಲ್ಲೂ ಒಂದು ಚಕ್ರ ಸುಮ್ಮನೆ ತಿರುಗುತ್ತಿತ್ತು.

ಪಕ್ಕದ ಎಸ್ಟೇಟಿನ ರೈಟರು, ಅಂದರೆ ಲೈನ್ ಮನೆಗಳ ಆಳುಗಳನ್ನು ಕೆಲಸಕ್ಕೆ ಹಚ್ಚುವವರು, ಬೇಲಿಯ ಆಚೆಯಿಂದಲೇ ಕೂಗಿದರು. "ಅಕ್ಕಾ, ನಿಮ್ ಚಕ್ರ ತಿರುಗಿ ಮುಗಿಯೋ ಹೊತ್ಗೆ ಆನೆ ಬಂದು, ಬಾಳೆ ಮುರ್ಕಂಡ್ ತಿಂದು, ವಾಪಸ್ ಹೋಗ್ಬುಡ್ತೈತೆ."

"ಬಿಸೀದು ಬೇಕಂದ್ರೆ ಕಾಯ್ಬೇಕು ಕಣ್ರೀ."

"ನಾವೇನೋ ಕಾಯ್ತೀವಿ. ಆನೆ ಕಾಯ್ಬೇಕಲ್ಲ."

ಅತ್ತೆ ಸರ್ರನೆ ಬೇಲಿಗೆ ಬೆನ್ನು ತಿರುಗಿಸಿ ಜಗಲಿಗೆ ಬಂದು ಕೂತರು. ಮಾವ ಇದೇ ಸಮಯ ಎಂದು ಮೆಲ್ಲಗೆ ಹೇಳಿದರು. "ಅದಕ್ಕೂ ಒಂದ್ ಫ್ಲಾಸ್ಕ್ ಮಡಗು ಮಾರಾಯ್ತಿ. ಒಂದ್ಸಲ ಮಾಡಿ ತುಂಬ್ಸಿಡು, ಬಂದೋರ್ಗೆಲ್ಲ ಅದ್ರಿಂದ್ಲೇ ಬಗ್ಸಿ ಕೊಡು."

ಅತ್ತೆ ಮೂರು ದಿನ ಮಾವನ ಜೊತೆ ಮಾತು ಬಿಟ್ಟರು. ನಾಲ್ಕನೆಯ ದಿನ ಮಾವ ಹೇಳಿದ್ದನ್ನೇ ಮಾಡಿದರು. ಕೆಲವು ನಿಮಿಷಕ್ಕೊಮ್ಮೆ ಎಲ್ಲ ಊರಿನ ಸುದ್ದಿ ಕಲೆಹಾಕಿ ಒಂದು ಪ್ರತಿ ಸಿದ್ಧವಾಗಿರುತ್ತದೆ, ಎಷ್ಟು ಜನ ಬಂದರೂ ಅದನ್ನೇ ಕೊಡುವುದು. ಅದಕ್ಕೂ ಮುಂಚೆ ನಕ್ಷೆಯ ಖಾಲಿ ಚೌಕಟ್ಟು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಆಮೇಲೆ ನೋಡುವವರ ಸ್ವಂತ ಊರು, ಮಿಕ್ಕ ಊರುಗಳು ಅದರ ಹಿಂದೆ. "ಎಲೆ ಹಾಕ್ಬುಟ್ರೆ ಜನ ಪಂಕ್ತಿ ಬಿಟ್ಟು ಏಳಲ್ಲ ಕಣೇ," ಎಂದು ನನಗೆ ಪಾಠ ಹೇಳಿದರು. ಪುಟ ಈಗ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ತೆರೆಯುತ್ತಿತ್ತು.

ಬಿದ್ದರೂ ಮೂಗು ಮೇಲೆ ಎನ್ನುತ್ತಾರಲ್ಲ, ಅತ್ತೆ ಎರಡು ಕರಾರು ಹಾಕಿಕೊಂಡೇ ಸೋತರು. ಪ್ರತಿ ಮಾಡಿದ್ದು ಎಷ್ಟು ಹೊತ್ತಿಗೆ ಎಂಬುದು ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ ಇರಬೇಕು. ಇದಕ್ಕೆ ಯಾರ ತಕರಾರೂ ಇರಲಿಲ್ಲ. ಇನ್ನೊಂದಕ್ಕೆ ಮಾತ್ರ ಊರಿಗೆ ಊರೇ ತಿರುಗಿಬಿತ್ತು. ಯಾವುದೇ ಊರಿನಿಂದ ಅರ್ಧ ಗಂಟೆ ಸುದ್ದಿ ಬರದಿದ್ದರೆ ಅದರ ಹಸಿರು ಅಳಿಸಿಹೋಗಿ ಬೂದಿ ಬಣ್ಣ ಬರುತ್ತದೆ, ಅದರ ಮೇಲೆ ಒಂದೇ ಮಾತು: ಗೊತ್ತಿಲ್ಲ.

ನಮ್ಮ ಗುಡ್ಡಗಳಲ್ಲಿ ಟವರ್ ಇದ್ದರೆ ಕರೆಂಟಿಲ್ಲ, ಕರೆಂಟಿದ್ದರೆ ಟವರಿಲ್ಲ. ನಕ್ಷೆಯ ಅರ್ಧ ಭಾಗ ಸದಾ ಬೂದಿ ಬಳಿದುಕೊಂಡೇ ಇರುತ್ತಿತ್ತು. ಬಿಸಿಲೆಯಂತೂ ಹಸಿರಾದದ್ದನ್ನು ನೋಡಲು ಪುಣ್ಯ ಮಾಡಿರಬೇಕಿತ್ತು!

"ಗೊತ್ತಿಲ್ಲ ಅಂತ ಹೇಳಾಕೆ ಕಂಪ್ಯೂಟ್ರು ಯಾಕಕ್ಕಾ? ನಾನೇ ಹೇಳ್ತಿದ್ನಲ್ಲ," ಎಂದರು ರೈಟರು.

"ನೀವು ಹೇಳ್ತಿರ್ಲಿಲ್ಲ. 'ಏನೂ ಇಲ್ಲ ನಡೀರಿ' ಅಂತ ಆಳುಗಳ್ನ ಕಳಿಸ್ತಿದ್ರಿ. ಇಲ್ಲ ಅನ್ನೋದು ಬ್ಯಾರೆ, ಗೊತ್ತಿಲ್ಲ ಅನ್ನೋದು ಬ್ಯಾರೆ. ಸುದ್ದಿ ಬರ್ಲಿಲ್ಲ ಅಂದ್ರೆ ಆನೆ ಬರ್ಲಿಲ್ಲ ಅಂತನಾ?"

ರೈಟರು ಒಪ್ಪಿಕೊಂಡರು. ಒಪ್ಪದವರು ಹೋಂಸ್ಟೇ ಮಾಲೀಕರು. ಅವರ ಸಂಘದ ಅಧ್ಯಕ್ಷರು ಬಿಳಿ ಜೀಪಿನಲ್ಲಿ ಮನೆತನಕ ಬಂದರು, ಕಾಫಿಗೆ ಬಹಳ ಹೊತ್ತು ಕಾದರು, ಕೊನೆಗೆ ಕುಡಿಯದೆಯೇ ವಿಷಯಕ್ಕೆ ಬಂದರು. "ಅಕ್ಕಾ, ಈ ಬೂದಿ ನೋಡಿ ಗೆಸ್ಟುಗಳು ಬರಾಕೆ ಹೆದರ್ಕಂಡವ್ರೆ. ಸುದ್ದಿ ಇಲ್ದಾಗ ಹಸ್ರು ಹಾಕ್ಬುಡಿ. ಯಾರ್ ಕೇಳ್ತಾರೆ?"

"ನಾನು ಕೇಳ್ತೀನಿ," ಎಂದರು ಅತ್ತೆ.

ಅಧ್ಯಕ್ಷರು ಬಿಡುವ ಆಸಾಮಿಯಲ್ಲ. ಬೇರೆ ಯಾರಿಂದಲೋ ಹೊಸ ಪುಟ ಮಾಡಿಸಿ, ಸಕಲೇಶಪುರದ ಸಭಾಂಗಣದಲ್ಲಿ ಮಧ್ಯಾಹ್ನ ಅದರ ಪ್ರದರ್ಶನ ಇಟ್ಟುಕೊಂಡರು. ಇನ್ನು ಮೇಲೆ ಎಲ್ಲರೂ ಇದನ್ನೇ ನೋಡುವುದು, ಅತ್ತೆಯ ಪುಟ ಮುಚ್ಚುವುದು ಎಂಬ ಠರಾವೂ ಅವತ್ತೇ ಆಗುವುದಿತ್ತು. ಅತ್ತೆ ನನ್ನ ಕಾರಿನಲ್ಲಿ ಯುದ್ಧಕ್ಕೆ ಹೊರಟಂತೆ ಹೋದರು.

ಹೊಸ ಪುಟ ಚಂದವಿತ್ತು, ಸುಳ್ಳು ಹೇಳಬಾರದು. ಮುಟ್ಟಿದರೆ ತೆರೆಯುತ್ತಿತ್ತು. ಊರುಗಳೆಲ್ಲ ಹಸಿರೋ ಹಸಿರು, ಬಿಸಿಲೆಯೂ ಸೇರಿ! ಅತ್ತೆ ಎದ್ದು ನಿಂತರು.

"ಈ ಹಸ್ರು ಯಾವಾಗಿಂದು?"

"ಕಡೇಲಿ ಬಂದ ಸುದ್ದಿ ಮೇಡಂ," ಎಂದರು ಪುಟ ಮಾಡಿದವರು.

"ಕಡೇಲಿ ಅಂದ್ರೆ? ಈಗ್ಲಾ, ನೆನ್ನೆನಾ, ಹ್ವಾದ್ವಾರನಾ?"

"ಅದನ್ನೆಲ್ಲ ಹಾಕಿದ್ರೆ ನೋಡೋಕೆ ಚೆನ್ನಾಗಿರಲ್ಲ ಮೇಡಂ."

ಅಧ್ಯಕ್ಷರು ನಗುತ್ತಾ ಮಧ್ಯೆ ಬಂದರು. "ಅಕ್ಕಾ, ಪಾಳ್ಯ ನಿಮ್ದೇ ತಾನೆ? ನೋಡಿ, ಹಸ್ರಾಗೈತೆ. ನಿಮ್ ಮನೇರು ಆರಾಮಾಗವ್ರೆ, ಬಿಡಿ."

"ಕೇಳೇ ಬುಡಣ," ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಮಾವನಿಗೆ ಫೋನ್ ಮಾಡಿದರು. ರಿಂಗಾಯಿತು, ರಿಂಗಾಯಿತು, ನಿಂತುಹೋಯಿತು. ನಮ್ಮ ಮಾವ ಫೋನನ್ನು ತೊಡೆಯ ಮೇಲಿಟ್ಟುಕೊಂಡೇ ಕೂರುವವರು, ಮೊದಲ ರಿಂಗಿಗೇ ಎತ್ತುವವರು. ಅತ್ತೆ ಇನ್ನೊಮ್ಮೆ ಮಾಡಿದರು. ಎತ್ತಲಿಲ್ಲ. ಅತ್ತೆ ತಮ್ಮ ಪುಟ ತೆರೆದು ಅಧ್ಯಕ್ಷರ ಮುಂದೆ ಹಿಡಿದರು. ಪಾಳ್ಯ ಬೂದಿಯಾಗಿತ್ತು.

"ಈಗ ಹೇಳಿ. ನಮ್ ಮನೇರು ಆರಾಮಾಗವ್ರಾ?"

ಅಧ್ಯಕ್ಷರು ತಲೆ ತಗ್ಗಿಸಿದರು. "ಗೊತ್ತಿಲ್ಲ ಅಕ್ಕಾ."

"ನಾನೂ ಅದನ್ನೇ ಬರ್ದಿರೋದು."

ಹೀಗೆ ಹೇಳಿ ತಲೆಯೆತ್ತಿಕೊಂಡೇ ಹೊರಗೆ ಬಂದರು. ಕಾರಿನ ಹತ್ತಿರ ಬಂದಾಗ ಮಾತ್ರ ನಾನು ಬೀಗ ತೆಗೆಯುವವರೆಗೂ ಕಾಯದೆ ಬಾಗಿಲು ಎಳೆಯತೊಡಗಿದರು. ಠರಾವಿನ ಗತಿ ಏನಾಯಿತೆಂದು ಇಬ್ಬರೂ ಹಿಂತಿರುಗಿ ನೋಡಲಿಲ್ಲ.

ದಾರಿಯುದ್ದಕ್ಕೂ ಅತ್ತೆ ಪುಟವನ್ನು ಬೆರಳಿನಿಂದ ಎಳೆದೆಳೆದು ನೋಡಿದರು. ಹೊಸ ಪ್ರತಿ ಆಗುವವರೆಗೆ ಎಷ್ಟು ಎಳೆದರೂ ಹಳೆಯದೇ ಬರುತ್ತದೆ, ಸುಮ್ಮನೆ ಎಳೆಯಬೇಡಿ ಎಂದು ಊರಿಗೆಲ್ಲ ಬೈಯುತ್ತಿದ್ದವರು ಅವರೇ. ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ತಾವೇ ಬರೆದ ಆ ಮಾತನ್ನು ಅವರು ಓದುತ್ತಿದ್ದ ರೀತಿ ನೋಡಿ ನಾನು ಕಾರಿನ ವೇಗ ಹೆಚ್ಚಿಸಿದೆ.

ಪಾಳ್ಯ ಹತ್ತಿರವಾದಾಗ ಬೂದಿ ಹೋಗಿ ಕೆಂಪು ಬಂತು. ಕೆಳಗೆ ಮಾವನ ಸಾಲು: "ಆನೆ ಇದೆ. ಒಂಟಿ. ನಮ್ಮ ಹಲಸಿನ ಮರದ ಕೆಳಗೆ. ನಾನು ಅಟ್ಟದಲ್ಲಿ."

ಆನೆ ಬಂದಿದೆ ಎಂಬ ಸುದ್ದಿಗೆ ಸಂತೋಷದಿಂದ ಅತ್ತವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ಆನೆ ದಾಟಿಹೋಯಿತೆಂದು ರೈಟರು ಬಂದು ಹೇಳುವವರೆಗೆ ರಸ್ತೆಯಲ್ಲೇ ಕಾದೆವು. ಮನೆಗೆ ಹೋದರೆ ಮಾವ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. "ಹತ್ತುವಾಗ ಮಂಡಿ ನೆನಪೇ ಆಗ್ಲಿಲ್ಲ ಮಾರಾಯ್ತಿ. ಇಳಿಯಾಕೆ ಆಯ್ತಾ ಇಲ್ಲ."

ಅತ್ತೆಗೆ ಮತ್ತೆ ಧ್ವನಿ ಬಂತು. "ಇಷ್ಟೊತ್ತು ಸುದ್ದಿ ಯಾಕ್ ಹಾಕ್ಲಿಲ್ಲ?"

"ಕನ್ನಡಕ ಕೆಳ್ಗೇ ಉಳ್ಕಂತು. ಒಂದೊಂದೇ ಅಕ್ಷರ ಹುಡ್ಕಿ ಒತ್ಬೇಕಲ್ಲ."

"ಫೋನಾದ್ರೂ ಎತ್ಬಾರ್ದಾ?"

"ನಿನ್ ಫೋನ್ ಬಡ್ಕಂಡಾಗ ಅದು ತಿನ್ನೋದು ಬುಟ್ಟು, ಕಿವಿ ಅಗಲಿಸ್ಕಂಡು ಕಿಟಕಿ ತಾವ್ಕೇ ಬಂತು. ಫೋನ್ ಹೊಟ್ಟೆ ಅಡಿ ಇಟ್ಕಂಡು ಕವುಚ್ಕಂಡ್ಬುಟ್ಟೆ."

ಅತ್ತೆ ಏಣಿ ಹತ್ತಿದರು. ಮಾವನನ್ನು ಹಿಡಿದು ಮೆಲ್ಲಗೆ ಇಳಿಸಿ, ಒಳಗೆ ಹೋದರು.

ಆ ಚಂದದ ಪುಟ ಈಗಲೂ ಇದೆ, ಈಗಲೂ ಹಸಿರಾಗಿಯೇ ಇದೆ. ಅಧ್ಯಕ್ಷರು ಮಾತ್ರ ಜೀಪು ತೆಗೆಯುವ ಮುಂಚೆ ಅತ್ತೆಯ ಪುಟ ನೋಡುತ್ತಾರಂತೆ, ರೈಟರ ವರದಿ.

ಅವತ್ತು ಅಡುಗೆಮನೆಯಿಂದ ಅತ್ತೆ ಬಂದಾಗ ಅವರ ಕೈಯಲ್ಲಿ ಫ್ಲಾಸ್ಕಿತ್ತು. ಅಟ್ಟದಿಂದ ಯಾವಾಗ ಇಳಿಸಿದರೋ, ಸೌತೆ ಬೀಜ ಸುರಿದು, ತೊಳೆದು, ತುಂಬಾ ಕಾಫಿ ತುಂಬಿದ್ದರು. ಏಣಿ ಹತ್ತಿ ಅದನ್ನು ಅಟ್ಟದ ಮೂಲೆಯಲ್ಲಿಟ್ಟರು, ಪಕ್ಕದಲ್ಲಿ ಮಾವನ ಇನ್ನೊಂದು ಕನ್ನಡಕ. ಫ್ಲಾಸ್ಕಿಗೆ ಒಂದು ಚೀಟಿ ಅಂಟಿಸಿದ್ದರು, ತುಂಬಿದ ಹೊತ್ತು ಬರೆದು.

"ಇನ್ನೊಂದ್ಸಲ ಅಲ್ಲಿ ಕೂರಂಗಾದ್ರೆ ಬರೀ ಹೊಟ್ಟೇಲಿ ಕೂರ್ಬ್ಯಾಡಿ," ಎಂದರು.

ಮಾವ ನಂಬದವರಂತೆ ಮೇಲೆ ನೋಡಿದರು. "ಆರ್ಹೋಗಲ್ವಾ?"

"ಆರ್ತೈತೆ. ಹೊತ್ತು ಬರ್ದಿದೀನಿ, ನೋಡ್ಕಂಡು ಕುಡೀರಿ."

ಆನೆ ಬರಲಿ ಬಿಡಲಿ, ಅತ್ತೆ ಈಗ ಹೊತ್ತು ಹೊತ್ತಿಗೆ ಏಣಿ ಹತ್ತಿ ಹಳೆಯದನ್ನು ಚೆಲ್ಲಿ, ಹೊಸದನ್ನು ತುಂಬಿ, ಚೀಟಿ ಬದಲಿಸಿ ಇಳಿಯುತ್ತಾರೆ. ನಾವು ಹೋದರೆ ಮಾತ್ರ ಇವತ್ತಿಗೂ ಕಾಯಬೇಕು. ಆ ಫ್ಲಾಸ್ಕಿನ ಕಾಫಿ ಮಾವನಿಗೆ ಮಾತ್ರ.