ಹೆಗಲೇರಿದ ಅಸ್ಥಿಪಂಜರದ ಧರ್ಮ ತೀರ್ಮಾನವಾಗುವವರೆಗೆ ಪಾಲಿಸತಕ್ಕ ನಿಯಮಗಳು

ಸಂಖ್ಯೆ: ಅಸ್ಥಿ/ಮರ್ಯಾದೆ/ಬೈಲ/೧/೨೦೦೨-೦೩
ದಿನಾಂಕ: ೧೨ ಆಗಸ್ಟ್ ೨೦೦೨

ಸುತ್ತೋಲೆ

ವಿಷಯ: ಪ್ರೌಢಶಾಲೆಯ ವಿಜ್ಞಾನ ಕೋಣೆಯಲ್ಲಿರುವ ಅಸ್ಥಿಪಂಜರದ ಧರ್ಮ, ಉಡುಪು ಮತ್ತು ಅಂತ್ಯಕ್ರಿಯೆಯ ಕುರಿತು, ಹಾಗೂ ಅದನ್ನು ತರಿಸಿದ ವಿಜ್ಞಾನ ಶಿಕ್ಷಕಿ ಕುಮಾರಿ ನಿಲೋಫರ್ ಇವರನ್ನು ಇಟ್ಟುಕೊಳ್ಳಬೇಕೋ ಕಳಿಸಬೇಕೋ ಎಂಬ ಕುರಿತು.

ಉಲ್ಲೇಖ: (ಅ) ಶಾಲಾ ಸುಧಾರಣಾ ಸಮಿತಿಯ ಅಧ್ಯಕ್ಷರಾದ ಶ್ರೀ ವೀರಪ್ಪ ಇವರ ತಕರಾರು ಅರ್ಜಿ.
(ಆ) ಜಮಾತಿನ ಹಿರಿಯರೂ ಕಿರಾಣಿ ಅಂಗಡಿಕಾರರೂ ಆದ ಶ್ರೀ ಬುರಾನಸಾಬ ಇವರ ತಕರಾರು ಅರ್ಜಿ (ಮೇಲಿನ ಅರ್ಜಿಯ ಹಿಂಬದಿಯಲ್ಲೇ ಬರೆದದ್ದು, ಇಬ್ಬರೂ ಕೂಡಿ ಒಂದೇ ಹಾಳೆ ಕೊಂಡಿರುತ್ತಾರೆ).
(ಇ) ಸದರಿ ಶಿಕ್ಷಕಿಯ ಅರ್ಜಿಗಳ ಒಂದು ಕಟ್ಟು (ಬಿಚ್ಚಿಲ್ಲ).

ಪ್ರಸ್ತಾವನೆ:

ಬೈಲಹೊಂಗಲ ತಾಲೂಕಿನಲ್ಲಿ ನೇಸರಗಿಯ ಹಾದಿಗಿರುವ ಒಂದು ಪ್ರೌಢಶಾಲೆಯಲ್ಲಿ (ಶಾಲೆಯ ಮರ್ಯಾದೆಯ ದೃಷ್ಟಿಯಿಂದ ಹೆಸರನ್ನು ಕೈಬಿಡಲಾಗಿದೆ, ಯಾವುದೆಂದು ಎಲ್ಲರಿಗೂ ಗೊತ್ತಿದೆ) ಕುಮಾರಿ ನಿಲೋಫರ್ ಎಂಬುವರು ವಿಜ್ಞಾನ ಕಲಿಸುತ್ತಿರುತ್ತಾರೆ. ತಾಯಿ ಜುಬೇದಾಬಿಯವರಿಗೆ ಕಣ್ಣು ಮಂಜಾಗಿದ್ದು, ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇಲ್ಲದ ಕಾರಣ, ದಿನಾಲೂ ಬೈಲಹೊಂಗಲದಿಂದ ಬಸ್ಸಿಗೆ ಬಂದು ಬಸ್ಸಿಗೆ ಹೋಗುತ್ತಾರೆ. ಎಲುಬಿನ ಪಾಠವನ್ನು ಹಲಗೆಯ ಮೇಲೆ ಬರೆದು ಬರೆದು ಇವರಿಗೆ ಸಾಕಾಗಿತ್ತೆಂದೂ, ಇವರು ಬಿಡಿಸಿದ ತಲೆಬುರುಡೆಯನ್ನು ಮಕ್ಕಳು ಪ್ರತಿ ವರ್ಷವೂ ಗಡಿಗೆ ಎಂದೇ ಗುರುತಿಸುತ್ತಿದ್ದರೆಂದೂ ತಿಳಿದುಬಂದಿದೆ. ಆದಕಾರಣ ಶಾಲೆಗೊಂದು ಅಸ್ಥಿಪಂಜರ ಕೊಡಿಸಬೇಕೆಂದು ಇವರು ಶಿಕ್ಷಣ ಇಲಾಖೆಯ ಈ ಕಚೇರಿಗೆ ವರ್ಷಾನುಗಟ್ಟಲೆ ಬರೆದರು. ಅದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತೆಂದು ಶಿಕ್ಷಕಿಯವರು ಎಲ್ಲರೆದುರು ಹೇಳಿದ್ದು ಶಿಸ್ತಿಗೆ ವಿರುದ್ಧವಾಗಿದೆ. ಆದರೂ ಈ ಕಚೇರಿಯು ತನ್ನ ಕಡತವನ್ನು ತಿರುವಿ ನೋಡಿದಾಗ ಗಾದೆಯ ಬಳಕೆಯಲ್ಲಿ ತಪ್ಪೇನೂ ಕಂಡುಬರಲಿಲ್ಲ. ಕೊನೆಗೆ ಯಾರದೋ ಕಣ್ತಪ್ಪಿನಿಂದ ಅಸ್ಥಿಪಂಜರ ಮಂಜೂರಾಯಿತು. ತಪ್ಪಿತಸ್ಥರ ವಿಚಾರಣೆ ನಡೆದಿದೆ.

ಸಂತೆಯ ದಿನ ಬೆಳಗಾವಿ ಬಸ್ಸಿನ ಮೇಲಿಂದ ಆಳುದ್ದದ ಕಟ್ಟಿಗೆಯ ಪೆಟ್ಟಿಗೆಯೊಂದನ್ನು ಇಳಿಸಲಾಯಿತು. ಇಷ್ಟು ವರ್ಷ ಬೇಡಿದ್ದು ಕೈಗೆ ಬಂತಲ್ಲಾ ಎಂದು ಶಿಕ್ಷಕಿಯವರು ಸಂತೋಷ ತಡೆಯಲಾರದೆ ಪೆಟ್ಟಿಗೆಯ ಮೇಲೆ ಕೈಯಿಟ್ಟು ಅತ್ತುಬಿಟ್ಟರು. ಉದ್ದನೆಯ ಪೆಟ್ಟಿಗೆ, ಪಕ್ಕದಲ್ಲಿ ಅಳುವ ಹೆಣ್ಣುಮಗಳು. ಇಷ್ಟು ಕಂಡ ಮೇಲೆ ಮತ್ತೇನನ್ನೂ ಕೇಳುವ ಜನ ಈ ಭಾಗದವರಲ್ಲ. ಸಂತೆಗೆ ಬಂದಿದ್ದ ವೀರಪ್ಪನವರು ಚಪ್ಪಲಿ ಬಿಟ್ಟು ಮುಂದಿನ ತುದಿಗೆ ಹೆಗಲು ಕೊಟ್ಟರು. ಅಂಗಡಿಯನ್ನು ತೆರೆದಂತೆಯೇ ಬಿಟ್ಟು ಓಡಿಬಂದ ಬುರಾನಸಾಬರು ಹಿಂದಿನ ತುದಿಗೆ ಹೆಗಲು ಕೊಟ್ಟರು. ಯಾರದೇ ಹೆಣವಿರಲಿ, ನಾಲ್ಕು ಹೆಜ್ಜೆ ಹೆಗಲು ಕೊಡಬೇಕೆಂಬುದು ಇಬ್ಬರ ಮನೆಯಲ್ಲೂ ಹಿರಿಯರು ಕಲಿಸಿದ ಪದ್ಧತಿ. ಉಳಿದವರು ಹೆಗಲು ಬದಲಿಸುತ್ತ ಹಿಂದೆ ನಡೆದರು.

ಆಗ ಶಿಕ್ಷಕಿಯವರು ಹಿಂದೆ ಹಿಂದೆ ಓಡುತ್ತ, “ಕಾಕಾ, ಅದು ಹೆಣ ಅಲ್ರೀ, ಪ್ಲಾಸ್ಟಿಕ್ ಐತ್ರಿ, ಸಾಲಿಗೆ ತರಿಸೇನ್ರಿ” ಎಂದು ಹೇಳಿದ್ದು ದಾಖಲೆಯಲ್ಲಿದೆ. ಅದಕ್ಕೆ ವೀರಪ್ಪನವರು, “ಹೌದವಾ ತಂಗಿ, ಮೊದಲಿಗೆ ಎಲ್ಲಾರಿಗೂ ಹಂಗ ಅನಸ್ತೈತಿ. ಸಮಾಧಾನ ಮಾಡ್ಕೊ” ಎಂದೂ, ಬುರಾನಸಾಬರು, “ಸಬರ್ ಮಾಡ ಬೇಟಾ, ಇವತ್ತಲ್ಲ ನಾಳಿ ಎಲ್ಲಾರೂ ಹೋಗೂವ್ರ” ಎಂದೂ ಸಂತೈಸಿದ್ದು ಸಹ ದಾಖಲೆಯಲ್ಲಿದೆ. ಮೆರವಣಿಗೆಯು ಸ್ಮಶಾನದ ಹಾದಿ ಬಿಟ್ಟು ಶಾಲೆಯ ಹಾದಿ ಹಿಡಿದದ್ದನ್ನು ಕಂಡು, ಸತ್ತವರು ಯಾರೋ ಮಾಸ್ತರರೇ ಇರಬೇಕೆಂದು ಜನ ಇನ್ನಷ್ಟು ಮರುಗಿದರು.

ಮರುದಿನ ಅದೇ ಜನ ಶಾಲೆಯ ಕಿಟಕಿಯಲ್ಲಿ ಇಣುಕಿದಾಗ, ತಾವು ಹೊತ್ತು ತಂದವರು ಮೈಮೇಲೆ ನೂಲಿನ ಎಳೆಯೂ ಇಲ್ಲದೆ ಕೊಕ್ಕೆಗೆ ತೂಗುತ್ತಿದ್ದರು. ಊರು ಬೆಚ್ಚಿಬಿತ್ತು. ಲಿಂಗಾಯತರ ಪದ್ಧತಿಯಂತೆ ಕೂರಿಸಿ ಸಮಾಧಿ ಮಾಡಬೇಕಾದ ತಮ್ಮವರನ್ನು ನಿಲ್ಲಿಸಿದ್ದಾರೆಂದು ವೀರಪ್ಪನವರೂ, ಮಲಗಿಸಿ ದಫನ್ ಮಾಡಬೇಕಾದ ತಮ್ಮವರನ್ನು ನಿಲ್ಲಿಸಿದ್ದಾರೆಂದು ಬುರಾನಸಾಬರೂ ತಕರಾರು ಮಾಡಿರುತ್ತಾರೆ. ನಿಲ್ಲಿಸಿದ್ದು ತಪ್ಪು, ನಿಲ್ಲಿಸಿದ ಶಿಕ್ಷಕಿಯನ್ನು ಎತ್ತಂಗಡಿ ಮಾಡಬೇಕು ಎಂಬ ವಿಷಯದಲ್ಲಿ ಮಾತ್ರ ಇಬ್ಬರಲ್ಲೂ ಭಿನ್ನಾಭಿಪ್ರಾಯವಿಲ್ಲ. ಪ್ಲಾಸ್ಟಿಕ್ ಎಂಬ ಶಿಕ್ಷಕಿಯ ಹೇಳಿಕೆಗೆ ವೀರಪ್ಪನವರು, “ಪ್ಲಾಸ್ಟಿಕ್ಕಿಗೆ ಯಾರರ ಹೆಗಲ ಕೊಡ್ತಾರೇನ್ರಿ ಅಕ್ಕೋರ? ಹಂಗಾರ ನಾವೇನು ಹುಚ್ಚರ?” ಎಂಬ ಪ್ರಶ್ನೆಯನ್ನು ಹಾಕಿರುತ್ತಾರೆ. ಈ ಕಚೇರಿಯು ಸದರಿ ಪ್ರಶ್ನೆಯನ್ನು ಬಹಳ ದಿನ ಪರಿಶೀಲಿಸಿತು. ಹೆಗಲು ಕೊಟ್ಟವರ ಹೆಸರುಗಳು ಮತದಾರರ ಯಾದಿಯಲ್ಲಿ ಇರುವುದರಿಂದ ಅವರು ಹುಚ್ಚರಲ್ಲವೆಂಬುದು ಸಿದ್ಧವಾಗಿದೆ. ಆದ್ದರಿಂದ ಹೆಗಲೇರಿದ್ದು ಪ್ಲಾಸ್ಟಿಕ್ ಆಗಿರಲು ಸಾಧ್ಯವಿಲ್ಲ.

ಈ ಎಲ್ಲ ಸಂಗತಿಗಳನ್ನು ಅವಲೋಕಿಸಿ, ಸಂಬಂಧಪಟ್ಟವರೆಲ್ಲರಿಗೂ ಈ ಕೆಳಗಿನಂತೆ ಸೂಚಿಸಲಾಗಿದೆ:

೧. ಇನ್ನು ಮುಂದೆ “ಅಸ್ಥಿಪಂಜರ” ಎಂಬ ಪದವನ್ನು ಯಾರೂ ಬಳಸತಕ್ಕದ್ದಲ್ಲ. “ಸದರಿಯವರು” ಎಂದು ಬಹುವಚನದಲ್ಲಿ ಕರೆಯತಕ್ಕದ್ದು. ಅವರ ಬೆನ್ನೆಲುಬಿನ ಮೇಲೆ ಅಚ್ಚೊತ್ತಿರುವ ಕಂಪನಿಯ ಹೆಸರನ್ನು ಶಿಕ್ಷಕಿಯವರು ಸಾಕ್ಷಿಯಾಗಿ ತೋರಿಸಿರುತ್ತಾರೆ. ಅದು ಸದರಿಯವರ ಅಡ್ಡಹೆಸರು ಇರಬಹುದಾದ ಸಾಧ್ಯತೆಯನ್ನು ತಳ್ಳಿಹಾಕಲಾಗದು.

೨. ಎರಡೂ ಕಡೆಯವರ ಭಾವನೆಗಳನ್ನು ಗೌರವಿಸಿ, ಸದರಿಯವರನ್ನು ಸೋಮವಾರದಿಂದ ಬುಧವಾರದವರೆಗೆ ಕೂರಿಸಿ ಇಡತಕ್ಕದ್ದು. ಗುರುವಾರದಿಂದ ಶನಿವಾರದವರೆಗೆ ಮಲಗಿಸಿ ಇಡತಕ್ಕದ್ದು. ಶಾಲೆಗೆ ಯಾರೂ ಬಾರದ ಭಾನುವಾರ ಮಾತ್ರ ವಿಜ್ಞಾನದ ಪದ್ಧತಿಯಂತೆ ನಿಲ್ಲಿಸಲು ಅಡ್ಡಿಯಿಲ್ಲ. ಹಾಗಾದರೆ ಬೆನ್ನೆಲುಬಿನ ಪಾಠವನ್ನು ಯಾವಾಗ ಮಾಡಲಿ ಎಂದು ಶಿಕ್ಷಕಿಯವರು ಕೇಳಿರುತ್ತಾರೆ. ಬುಧವಾರ ಸಂಜೆ ಕೂತವರನ್ನು ಎತ್ತಿ ಮಲಗಿಸುವ ನಡುವೆ ಸಿಗುವ ಸಮಯದಲ್ಲಿ ಮಾಡಿ ಮುಗಿಸತಕ್ಕದ್ದು.

೩. ಹೆಣ್ಣುಮಕ್ಕಳಿರುವ ತರಗತಿಯಲ್ಲಿ ಸದರಿಯವರು ಬರಿಮೈಯಲ್ಲಿ ಇರುವುದು ನೈತಿಕತೆಗೆ ಧಕ್ಕೆ ತರುತ್ತದೆ. ಗಂಡಸಿನ ಉಡುಪೋ ಹೆಂಗಸಿನ ಉಡುಪೋ ಎಂಬುದನ್ನು ತಿಳಿಯಲು ಸೊಂಟದ ಎಲುಬನ್ನು ನೋಡಬೇಕೆಂದು ಶಿಕ್ಷಕಿಯವರು ಹೇಳಿದ್ದು, ಸೊಂಟವನ್ನು ನೋಡುವುದೇ ಆಕ್ಷೇಪಾರ್ಹವೆಂದು ಸಮಿತಿಯು ಮುಖ ತಿರುಗಿಸಿತು. ಎರಡೂ ಕಡೆಯ ಹಿರಿಯರಿಗೆ ಒಪ್ಪಿಗೆಯಾಗುವ ಧೋತರ, ನೆಹರೂ ಶರ್ಟು ಮತ್ತು ಬಿಳಿ ಟೊಪ್ಪಿಗೆಯನ್ನು ಪ್ರಾಯೋಗಿಕವಾಗಿ ತೊಡಿಸಲಾಯಿತು. ತೊಡಿಸಿದ ಮೇಲೆ ಒಂದು ಎಲುಬೂ ಕಾಣದಂತಾಗಿದ್ದು ಸಮಾಧಾನಕರ. ಯಾರೋ ಪಂಚಾಯತಿ ಮೆಂಬರರು ಬಂದಿದ್ದಾರೆಂದು ತಿಳಿದು ಮಕ್ಕಳು ಎದ್ದು ನಮಸ್ಕಾರ ಮಾಡಿರುತ್ತಾರೆ. ಇದನ್ನೇ ಮುಂದುವರಿಸತಕ್ಕದ್ದು.

೪. ಮನುಷ್ಯನ ದೇಹದಲ್ಲಿ ಎಷ್ಟು ಎಲುಬುಗಳಿವೆ ಎಂಬ ಬಗ್ಗೆ ಕಿತ್ತೂರು, ಸವದತ್ತಿ, ರಾಮದುರ್ಗ ಮತ್ತು ಬೈಲಹೊಂಗಲದಲ್ಲಿ ಸಾರ್ವಜನಿಕ ಚರ್ಚೆಗಳನ್ನು ಏರ್ಪಡಿಸಲಾಗಿತ್ತು. ಭಾಷಣಗಳು ಉತ್ತಮವಾಗಿದ್ದವು. ಇನ್ನೂರಾ ಆರು ಎಂಬ ಉತ್ತರಕ್ಕೆ ಎಲ್ಲಿಯೂ ಬಹುಮತ ಬಂದಿಲ್ಲ. ಮನೋಳಿಯಿಂದ ಬಂದಿದ್ದ ಒಬ್ಬ ಹಿರಿಯರು ನೂರಾ ಎಂಟು ಎಂದು ಸೂಚಿಸಿ ಚಪ್ಪಾಳೆ ಗಿಟ್ಟಿಸಿದರು. ಆದ್ದರಿಂದ ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ “ಹಿರಿಯರು ತೀರ್ಮಾನಿಸಿದಷ್ಟು” ಎಂದು ಬರೆದವರಿಗೆ ಪೂರ್ಣ ಅಂಕ ಕೊಡತಕ್ಕದ್ದು. ಇನ್ನೂರಾ ಆರು ಎಂದು ಬರೆದವರಿಗೆ ಅರ್ಧ ಅಂಕ ಕೊಟ್ಟು, ಪಾಲಕರನ್ನು ಕರೆಸತಕ್ಕದ್ದು.

೫. ಅಂತ್ಯಕ್ರಿಯೆಗೆ ಜಾಗ ತೋರಿಸಬೇಕೆಂದು ಇಬ್ಬರು ಅರ್ಜಿದಾರರಿಗೂ ನೋಟಿಸು ಕೊಡಲಾಯಿತು. ಆಗ ವೀರಪ್ಪನವರು, “ನಮ್ಮ ಕಡೆ ಜಾಗಾ ಭಾಳ ಕಮ್ಮಿ ಐತ್ರಿ. ಇವ್ರು ಸಾಬರ ಪೈಕಿನ ಇದ್ದಾರು” ಎಂದು ಉತ್ತರಿಸಿರುತ್ತಾರೆ. ಬುರಾನಸಾಬರು, “ಖಬರಸ್ತಾನದಾಗ ಕಾಲಿಡಾಕ ಜಾಗಾ ಇಲ್ರಿ. ಮಾರಿ ನೋಡಿದ್ರ ಗೌಡ್ರ ಪೈಕಿ ಕಾಣ್ತೈತಿ” ಎಂದು ಉತ್ತರಿಸಿರುತ್ತಾರೆ. ತರುವಾಯ ಇಬ್ಬರೂ ಒಂದೇ ಹೋಟೆಲಿನಲ್ಲಿ ಚಹಾ ಕುಡಿದು ಈ ಕಚೇರಿಗೆ ಬಂದು, ಬಾಗಿಲು ಮುಚ್ಚಿಕೊಂಡು, “ಅಕ್ಕೋರು ಹೇಳೂದು ಖರೇ ಐತ್ರಿ, ಅದು ಪ್ಲಾಸ್ಟಿಕ್ಕ. ಆದ್ರ ಮಂದಿ ಮುಂದ ಹೆಂಗ ಹೇಳೂಣ್ರಿ? ನೀವ ಏನರ ಬರಕೊಳ್ರಿ” ಎಂದು ತಿಳಿಸಿರುತ್ತಾರೆ. ಮನುಷ್ಯರೆಂದು ಕಡತದಲ್ಲಿ ಒಮ್ಮೆ ಬರೆದದ್ದನ್ನು ಪ್ಲಾಸ್ಟಿಕ್ ಎಂದು ತಿದ್ದಲು ನಿಯಮಗಳಲ್ಲಿ ಅವಕಾಶವಿಲ್ಲ. ಆದ್ದರಿಂದ ಸದರಿಯವರನ್ನು ಜಾಗ ಸಿಗುವವರೆಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಗಿದೆ. ಇದರಿಂದ ಮೇಲಿನ ೨ ಮತ್ತು ೩ನೆಯ ನಿಯಮಗಳು ರದ್ದಾಗುವುದಿಲ್ಲ, ಪೆಟ್ಟಿಗೆಯೊಳಗೇ ಪಾಲಿಸತಕ್ಕದ್ದು.

೬. ಬೀಗ ಬಿದ್ದ ಮೇಲಾದರೂ ಶಿಕ್ಷಕಿಯವರು ಸುಮ್ಮನಿರಬೇಕಾಗಿತ್ತು. ಇರಲಿಲ್ಲ. ಪೆಟ್ಟಿಗೆಯನ್ನು ನೋಡಿ ಒಂದು ಗಳಿಗೆ ಸೆರಗಿನಿಂದ ಮುಖ ಒರೆಸಿಕೊಂಡು, ಒಂಬತ್ತನೆಯ ತರಗತಿಗೆ ಹೋಗಿ ಮಕ್ಕಳಿಗೆ ತಮ್ಮ ತಮ್ಮ ಹೆಗಲನ್ನು ಒತ್ತಿ ನೋಡಿಕೊಳ್ಳಲು ಹೇಳಿರುತ್ತಾರೆ. “ಇಲ್ಲಿ ಗಟ್ಟಿ ಹತ್ತತೈತಲ್ಲ, ಇದ ಹೆಗಲಿನ ಎಲಬು. ಮೊನ್ನಿ ಪೆಟ್ಟಿಗಿ ಹೊತ್ತಾಗ ಭಾರ ಬಿದ್ದದ್ದು ಇದರ ಮ್ಯಾಲ. ವೀರಪ್ಪಜ್ಜಗೂ ಇದ, ಬುರಾನಜ್ಜಗೂ ಇದ. ಯಾರೋ ಸತ್ತಾರಂತ ತಿಳಕೊಂಡು, ಯಾರಂತ ಕೇಳದ ಹೊತ್ತರು. ಅವತ್ತು ಅವ್ರು ಮಾಡಿದ್ದು ಭಾಳ ದೊಡ್ಡ ಕೆಲಸ, ನಗಬ್ಯಾಡ್ರಿ” ಎಂದು ಇವರು ಹೇಳಿದ್ದನ್ನು ಬಾಗಿಲ ಹೊರಗೆ ನಿಂತಿದ್ದ ಪರಿಶೀಲನಾ ಅಧಿಕಾರಿಗಳು ಬರೆದುಕೊಂಡಿದ್ದಾರೆ. ಪಾಠ ಮುಗಿಯುವವರೆಗೂ ಅವರು ಅಲ್ಲಿಯೇ ನಿಂತಿದ್ದು ಏಕೆಂದು ಅವರಿಂದ ವಿವರಣೆ ಕೇಳಲಾಗಿದೆ.

೭. ವೀರಪ್ಪನವರ ಮೊಮ್ಮಗಳು ಉಮಾಶ್ರೀ ಮತ್ತು ಬುರಾನಸಾಬರ ಮೊಮ್ಮಗಳು ಮುಸ್ಕಾನ್ ಅಂದು ಒಬ್ಬರ ಹೆಗಲನ್ನೊಬ್ಬರು ಮುಟ್ಟಿ ನೋಡಿ, ಎಲುಬು ಇದ್ದಲ್ಲಿಯೇ ಇದೆ ಎಂದು ಖಾತ್ರಿ ಮಾಡಿಕೊಂಡಿರುತ್ತಾರೆ. ಅಷ್ಟಕ್ಕೇ ಬಿಡದೆ, ಸಂಜೆ ಇಬ್ಬರೂ ಕೂಡಿ ಕಿರಾಣಿ ಅಂಗಡಿಯ ಕಟ್ಟೆಗೆ ಹೋಗಿ, ಅಲ್ಲಿ ಕೂತಿದ್ದ ಅಜ್ಜಂದಿರಿಬ್ಬರ ಹೆಗಲನ್ನೂ ಒತ್ತಿ ನೋಡಿರುತ್ತಾರೆ. ಮುದುಕರಿಬ್ಬರೂ ಹೆಗಲು ಕೊಟ್ಟು ಕೂತಿದ್ದರೆಂದೂ, ಆ ಹೊತ್ತಿನಲ್ಲಿ ಅಂಗಡಿಗೆ ಬಂದ ಗಿರಾಕಿಗಳನ್ನು ಯಾರೂ ವಿಚಾರಿಸಲಿಲ್ಲವೆಂದೂ ವರದಿಯಾಗಿದೆ. ವಿಜ್ಞಾನವು ಹೀಗೆ ಶಾಲೆಯ ಆವರಣ ದಾಟಿ ಊರೊಳಗೆ ನುಸುಳಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೮. ಪ್ರತಿಯೊಬ್ಬ ವಿದ್ಯಾರ್ಥಿಯ ಒಳಗೂ ತಲಾ ಒಬ್ಬ ಸದರಿಯವರು ಪೂರ್ವಾನುಮತಿಯಿಲ್ಲದೆ ಇರುವುದು ಇದರಿಂದ ಬೆಳಕಿಗೆ ಬಂದಿದೆ. ಅವರ ಜಾತಿ, ಧರ್ಮಗಳ ದಾಖಲಾತಿ ಮುಗಿಯುವವರೆಗೆ ವಿದ್ಯಾರ್ಥಿಗಳು ತಮ್ಮ ತಮ್ಮ ಸದರಿಯವರನ್ನು ಮನೆಯಲ್ಲಿಯೇ ಬಿಟ್ಟು ಶಾಲೆಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಗೈರುಹಾಜರಿ ಎಂದು ಪರಿಗಣಿಸಲಾಗುವುದು.

೯. ಈ ಎಲ್ಲದಕ್ಕೂ ಮೂಲ ಕಾರಣರಾದ ಕುಮಾರಿ ನಿಲೋಫರ್ ಇವರನ್ನು ರಾಮದುರ್ಗ ತಾಲೂಕಿನ ಸುರೇಬಾನಕ್ಕೆ ಈ ಮೂಲಕ ವರ್ಗಾಯಿಸಲಾಗಿದೆ. ತಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದು ಈ ಕಡತದ ವಿಷಯವಲ್ಲ. ಈ ಆದೇಶವನ್ನು ಓದಿ ಹೇಳಿದಾಗ ಶಿಕ್ಷಕಿಯವರು, “ಆತ್ರಿ, ಹೋಗ್ತೇನಿ. ಪೆಟ್ಟಿಗಿ ಚಾರ್ಜ್ ಯಾರಿಗೆ ಕೊಡ್ಲಿ ಹೇಳ್ರಿ” ಎಂದಷ್ಟೇ ಕೇಳಿರುತ್ತಾರೆ.

೧೦. ನಿಯಮದಂತೆ, ತಮ್ಮ ವಶದಲ್ಲಿರುವ ಸಾಮಾನುಗಳ ಚಾರ್ಜನ್ನು ಬೇರೆಯವರಿಗೆ ಒಪ್ಪಿಸಿ, ಪಡೆದವರ ಸಹಿ ಹಾಕಿಸಿಕೊಳ್ಳುವವರೆಗೆ ಯಾರನ್ನೂ ಬಿಡುಗಡೆ ಮಾಡುವಂತಿಲ್ಲ. “ಮನುಷ್ಯರು, ಒಬ್ಬರು” ಎಂದು ಬರೆದು ಸಹಿ ಮಾಡಿರೆಂದು ಹೆಡ್‌ಮಾಸ್ತರರಿಗೆ ಹೇಳಲಾಗಿ, ಈ ಮನುಷ್ಯರು ಎಲ್ಲಿಂದ ಬಂದರೆಂದು ನಾಳೆ ಪೊಲೀಸರು ಕೇಳಿದರೆ ಏನು ಹೇಳಲಿ ಎಂದು ಅವರು ಪೆನ್ನು ಕೆಳಗಿಟ್ಟರು. “ಪ್ಲಾಸ್ಟಿಕ್, ಒಂದು” ಎಂದು ಬರೆದು ಸಹಿ ಮಾಡಿರೆಂದು ವೀರಪ್ಪನವರಿಗೆ ಹೇಳಲಾಗಿ, ಊರ ಹೆಗಲು ಏನನ್ನಬೇಕು ಎಂದು ಅವರು ಹೆಬ್ಬೆಟ್ಟನ್ನೂ ಮಡಚಿಕೊಂಡರು. ಪೆನ್ನನ್ನು ಬುರಾನಸಾಬರ ಮುಂದೆ ಹಿಡಿಯಲಾಗಿ, ಅವರು, “ಅಕ್ಕೋರ ಕಡೇನ ಇರ್ಲಿ ಬಿಡ್ರಿ. ಅವ್ರ ಛೊಲೋ ನೋಡ್ಕೋತಾರ” ಎಂದರು. ವೀರಪ್ಪನವರು ತಲೆಯಾಡಿಸಿದರು. ಸಹಿ ಮಾಡುವವರು ಚರ್ಚೆ ನಡೆದ ನಾಲ್ಕೂ ಊರುಗಳಲ್ಲಿ ಸಿಕ್ಕಿಲ್ಲ. ಆದ್ದರಿಂದ ೯ನೆಯ ನಿಯಮವು ಸಂಪೂರ್ಣವಾಗಿ ಜಾರಿಯಲ್ಲಿರುತ್ತದೆ. ಶಿಕ್ಷಕಿಯವರು ಇದ್ದಲ್ಲಿಯೇ ಇರುತ್ತಾರೆ.

ಸಹಿ/-
(ಸತ್ಯಪ್ಪ)
ಅಧಿಕಾರಿಗಳ ಪರವಾಗಿ
(ಅಧಿಕಾರಿಗಳು ಸಂತೆಯ ದಿನದಿಂದ ಹೆಗಲುನೋವಿನ ನಿಮಿತ್ತ ರಜೆಯಲ್ಲಿರುತ್ತಾರೆ)

ಪ್ರತಿಗಳು:
- ಶ್ರೀ ವೀರಪ್ಪ ಮತ್ತು ಶ್ರೀ ಬುರಾನಸಾಬ ಇವರಿಗೆ: ಇಬ್ಬರಿಗೂ ಕೂಡಿ ಒಂದೇ ಪ್ರತಿ, ಕಿರಾಣಿ ಅಂಗಡಿಯ ಕಟ್ಟೆಯ ವಿಳಾಸಕ್ಕೆ.
- ಸುರೇಬಾನದ ಶಾಲೆಗೆ: ಶಿಕ್ಷಕಿಯವರು ಬರುತ್ತಾರೆಂದು ಕಾಯುತ್ತಿರಲು.
- ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳಿಗೆ: ೮ನೆಯ ನಿಯಮವನ್ನು ಮೈಗೂಡಿಸಿಕೊಳ್ಳಲು.
- ಸದರಿಯವರಿಗೆ: ಪೆಟ್ಟಿಗೆಯ ಬಿರುಕಿನ ಮೂಲಕ.
- ಕುಮಾರಿ ನಿಲೋಫರ್ ಇವರಿಗೆ: ಚಾರ್ಜ್ ಪಡೆಯುವವರು ಸಿಗುವವರೆಗೆ ಪಾಠ ಮುಂದುವರಿಸಲು. ಬೀಗದ ಕೈ ಇದರೊಂದಿಗೆ ಲಗತ್ತಿಸಿದೆ.