ನಿಂಬೆಹಣ್ಣು ಸಿಹಿಯಾದ ಭಾನುವಾರ

ಹೆಸರು ಗೊತ್ತಿಲ್ಲದ ಗಿಡವನ್ನು ಸಾಕುವುದೇ ತಪ್ಪು. ಚಿನ್ನಪ್ಪನಿಗೆ ಅದನ್ನು ಹೇಳುವವರು ಯಾರು? ಜರಗನಹಳ್ಳಿಯ ರುದ್ರಮ್ಮನ ವಠಾರಕ್ಕೆ ಅವನು ಬಾಡಿಗೆಗೆ ಬಂದಾಗ, ಹಿಂದಿನವರು ಡಾಲ್ಡಾ ಡಬ್ಬಿಯಲ್ಲಿ ಬಿಟ್ಟುಹೋದ ಸಸಿಯೊಂದು ಸಿಕ್ಕಿತು. ಹಿತ್ತಲಲ್ಲಿ ನೆಟ್ಟ. ನಾಲ್ಕು ವರ್ಷ ನೀರು ಮಜ್ಜಿಗೆ ಕುಡಿದರೂ ಅದು ಸೊಂಟದೆತ್ತರ ದಾಟಲಿಲ್ಲ. ಕಾಫಿ ಗಿಡ ಎಂದವರುಂಟು, ಸಪೋಟ ಎಂದವರೂ ಉಂಟು.

೧೯೮೩ರ ಒಂದು ಭಾನುವಾರ ಬೆಳಿಗ್ಗೆ ಅದರಲ್ಲಿ ಏಳೆಂಟು ಕೆಂಪು ಹಣ್ಣು ಕಂಡವು. ಚಿನ್ನಪ್ಪ ಒಂದನ್ನು ಬಾಯಿಗೆ ಹಾಕಿಕೊಂಡು ಚೀಪಿದ. ಅಂಥ ರುಚಿಯೇನೂ ಇರಲಿಲ್ಲ. ಬೀಜ ಉಗಿದು, ಬುಡದ ಹುಲ್ಲು ಕೀಳಲು ಬಗ್ಗಿದಾಗ ಕಾಲಿನ ಹೆಬ್ಬೆರಳಿಗೆ ಚುಳ್ಳೆಂದು ಏನೋ ಚುಚ್ಚಿತು. ಹುಲ್ಲಿನಲ್ಲಿ ಸರಕ್ಕನೆ ಸದ್ದೂ ಆಯಿತು.

"ಅಯ್ಯಯ್ಯೋ, ಹಾವು!"

ಹೆಂಡತಿ ಮಂಗಮ್ಮ ಸೌಟು ಹಿಡಿದೇ ಓಡಿಬಂದಳು. ಹಿಂದೆಯೇ ವಠಾರದ ಯಜಮಾನಿ ರುದ್ರಮ್ಮ.

"ಗಾಬರಿ ಬೀಳ್ಬೇಡಿ. ನಮ್ ಹೊಲದಾಗೆ ಎಷ್ಟು ಜನಕ್ಕೆ ಕಚ್ಚೈತೆ, ನಾನು ನೋಡಿಲ್ವಾ? ನಾಲಿಗೇನ ಕೇಳಿದ್ರೆ ಹೇಳ್ಬಿಡ್ತೈತೆ. ರುಚಿ ಸರಿಯಾಗಿ ಗೊತ್ತಾದ್ರೆ ಅದು ಬರೀ ಮುಳ್ಳು. ರುಚಿ ಕೆಟ್ರೆ ವಿಷ ಏರೈತೆ ಅಂತ."

ಮೊದಲು ಹಸಿಮೆಣಸಿನಕಾಯಿ. ಚಿನ್ನಪ್ಪ ಕುಣಿದಾಡಿಬಿಟ್ಟ. ಆಮೇಲೆ ಬೇವಿನಸೊಪ್ಪು. "ಥೂ, ಕಹಿ!" ಎಂದ. ಮಂಗಮ್ಮನಿಗೆ ಉಸಿರು ಬಂತು, ಒಲೆಯ ಮೇಲಿನ ಸಾರೂ ನೆನಪಾಯಿತು.

"ಇದೊಂದು ಆಗ್ಲಿ," ಎಂದು ರುದ್ರಮ್ಮ ನಿಂಬೆಹೋಳು ಕೊಟ್ಟಳು.

ಚಿನ್ನಪ್ಪ ಕಣ್ಣುಮುಚ್ಚಿ ಚೀಪಿದ. ಕಣ್ಣು ಬಿಟ್ಟ. ಮತ್ತೆ ಚೀಪಿದ.

"ಅಮ್ಮಾ... ಸಿಹಿ."

"ಸರಿಯಾಗಿ ನೋಡ್ರೀ!" ಮಂಗಮ್ಮ ಹುಣಸೆಹಣ್ಣು ತಂದು ಬಾಯಿಗೆ ತುರುಕಿದಳು.

"ಬೆಲ್ಲ ಕಣೇ! ಪೂರಾ ಬೆಲ್ಲ!" ಎಂದು ಗೋಳೋ ಎಂದು ಅತ್ತ.

ವಠಾರಕ್ಕೆ ವಠಾರವೇ ಹಿತ್ತಲಿಗೆ ನುಗ್ಗಿತು. ಬಾವಿಹಗ್ಗದಲ್ಲಿ ಅವನ ಮೊಣಕಾಲಿಗೆ ಒಂದು ಕಟ್ಟು, ತೊಡೆಗೆ ಇನ್ನೊಂದು. ನಿದ್ದೆ ಬಂದರೆ ಕೆಟ್ಟಿತು ಎಂದು ರುದ್ರಮ್ಮ ಕೆನ್ನೆಗೆ ಎರಡು ಬಾರಿಸಿದಳು. ಪಾಪ, ಅವನಿಗೆ ನಿದ್ದೆಯೇನೂ ಬಂದಿರಲಿಲ್ಲ.

"ಕಾಲು ಮರಗಟ್ತಾ ಇದೆ," ಎಂದ ಚಿನ್ನಪ್ಪ.

"ಏರ್ತಾ ಐತೆ! ಇಟ್ಟಮಡುವಿನ ನಾಟಿ ವೈದ್ಯರ ಹತ್ರ ಹೋಗ್ಬೇಕು, ಆಟೋ ತನ್ರೋ!"

ಸಾವು ಇಷ್ಟು ಹತ್ತಿರ ಬಂದು ನಿಂತದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. "ಮಂಗಾ, ಗಿಡಕ್ಕೆ ನೀರು ಹಾಕೋದು ಮರೀಬೇಡ."

"ಗಿಡ ಹಾಳಾಗ್ಲಿ, ನೀವು ಬದುಕ್ರೀ!"

ಅಷ್ಟರಲ್ಲಿ ಪಕ್ಕದ ಬೀದಿಯ ಬಾಟನಿ ಮೇಷ್ಟ್ರು ಬದರಿನಾಥ, ತರಕಾರಿ ಚೀಲದ ಸಮೇತ ಗದ್ದಲ ಕೇಳಿ ಒಳಗೆ ಬಂದರು. ಎಲ್ಲ ಕೇಳಿಸಿಕೊಂಡರು. ಗಿಡದ ಎಲೆ ತಿರುವಿ ನೋಡಿದರು, ಹಣ್ಣು ಕಿತ್ತು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹಾವೂ ಇಲ್ಲ ಗೀವೂ ಇಲ್ಲ! ಇದು ಆಫ್ರಿಕಾದ ಗಿಡ, ಸಪೋಟ ಕುಟುಂಬದ್ದು. ನಾನೂ ಪುಸ್ತಕದಲ್ಲಷ್ಟೇ ನೋಡಿದ್ದೆ. ಹಣ್ಣು ಚೀಪಿದ್ರೆ ಒಂದು ಗಂಟೆ ಹುಳಿಯೆಲ್ಲ ಸಿಹಿ ಅನ್ಸುತ್ತೆ. ಹಗ್ಗ ಬಿಚ್ಚಿ ಮೊದ್ಲು!"

ಚಿನ್ನಪ್ಪನಿಗೆ ಹೋದ ಜೀವ ಬಂದಂತಾಯಿತು. ರುದ್ರಮ್ಮ ಮಾತ್ರ ಹಗ್ಗ ಬಿಡಲಿಲ್ಲ.

"ಎಲ್ಲಾದ್ರೂ ಉಂಟಾ ಸಾರ್? ತೋರ್ಸಿ ನೋಡೋಣ."

ಮೇಷ್ಟ್ರು ತಾವೊಂದು ಹಣ್ಣು ಬಾಯಿಗೆ ಹಾಕಿಕೊಂಡು ಅವಳಿಗೂ ಒಂದು ಕೊಟ್ಟರು. ಇಬ್ಬರೂ ಚೆನ್ನಾಗಿ ಚೀಪಿ, ಆಮೇಲೆ ನಿಂಬೆ ಕಚ್ಚಿದರು.

"ಆಹಾ, ಸಖತ್ ಸಿಹಿ! ನೋಡಿದ್ರಾ?" ಎಂದರು ಮೇಷ್ಟ್ರು.

ರುದ್ರಮ್ಮನ ಮುಖ ಬಿಳಿಚಿಕೊಂಡಿತು. ನಿಂಬೆ ಕೈಜಾರಿತು.

"ಅಯ್ಯೋ ದೇವ್ರೇ, ನಂಗೂ ಸಿಹಿ! ಹಾವು ಗಿಡಕ್ಕೇ ವಿಷ ಕಕ್ಕೈತೆ! ನಮ್ಗೂ ಹಗ್ಗ ತನ್ರೋ!"

"ಅಲ್ಲಮ್ಮಾ, ನಾನು ಹೇಳಿದ್ದು..."

ಕೇಳುವವರು ಯಾರಿದ್ದರು? ಆಟೋ ಬಂದೇಬಿಟ್ಟಿತ್ತು. ಮೂವರ ಕಾಲಿಗೂ ಬಿಗಿಯಾಗಿ ಹಗ್ಗ ಸುತ್ತಿ, ಹಿಂದಿನ ಸೀಟಿನಲ್ಲಿ ತುರುಕಿ, ಮೇಷ್ಟ್ರು ಕಣ್ಣು ಮಿಟುಕಿಸಿದ್ದಕ್ಕೆ ಅವರ ಕೆನ್ನೆಗೂ ಒಂದು ಬಿಗಿದು ಕಳಿಸಿದರು.

ಕನಕಪುರ ರಸ್ತೆ ತಲುಪುವವರೆಗೂ ಮೇಷ್ಟ್ರು ವಿಜ್ಞಾನ ಹೇಳುತ್ತಲೇ ಇದ್ದರು. ಆಮೇಲೆ ಬಗ್ಗಿ ತಮ್ಮ ಪಾದ ಮುಟ್ಟಿ ನೋಡಿಕೊಂಡರು. ಚಿವುಟಿ ನೋಡಿಕೊಂಡರು.

"ಚಿನ್ನಪ್ಪ," ಎಂದರು ಮೆಲ್ಲಗೆ, "ನಿಮ್ಗೆ ಕಾಲು ಮರಗಟ್ಟೋಕೆ ಎಷ್ಟು ಹೊತ್ತು ಹಿಡೀತು?"